ನಲ್ಲಾರ್ಬರ್ ಬಯಲನ್ನು ಸೈಕಲ್ಲಿನಲ್ಲಿ ಒಬ್ಬರೇ ದಾಟುವುದು ಹೇಗೆ

ಪಶ್ಚಿಮ ಆಸ್ಟ್ರೇಲಿಯಾದ ನಾರ್ಸ್‌ಮನ್ ಊರಿನಿಂದ ದಕ್ಷಿಣ ಆಸ್ಟ್ರೇಲಿಯಾದ ಸೆಡೂನಾವರೆಗೆ, ನಲ್ಲಾರ್ಬರ್ ಬಯಲನ್ನು ದಾಟುವ ಏರ್ ಹೆದ್ದಾರಿಯ ಉದ್ದ ಸುಮಾರು 1,200 ಕಿ.ಮೀ. 1976ರಿಂದ ಪೂರ್ತಿ ಡಾಂಬರು. ಆರ್ಥರ್ ರಿಚರ್ಡ್‌ಸನ್ 1896ರಲ್ಲಿ ಕೂಲ್ಗಾರ್ಡಿಯಿಂದ ಅಡಿಲೇಡ್‌ಗೆ ಸೈಕಲ್ಲಿನಲ್ಲಿ 31 ದಿನಕ್ಕೆ ತಲುಪಿದಾಗ ಟೆಲಿಗ್ರಾಫ್ ತಂತಿಯೇ ದಾರಿ ತೋರಿಸಬೇಕಿತ್ತು. ಈಗ ದಾರಿ ತಪ್ಪಲು ಸಾಧ್ಯವಿಲ್ಲ, ಇರುವುದೇ ಒಂದು. ಹೆಸರು ಹೇಳುವಂಥ ಏರುದಾರಿಯೂ ಹೆಚ್ಚಿಲ್ಲ. ಹಾಗಿದ್ದೂ ಇಲ್ಲಿ ಜನ ಅರ್ಧಕ್ಕೆ ನಿಲ್ಲುವುದು ಕಾಲು ಸೋತಲ್ಲ, ಲೆಕ್ಕ ತಪ್ಪಿ. ನೀರನ್ನು ಕಿಲೋಮೀಟರ್ ಲೆಕ್ಕದಲ್ಲಿ ಹೊರುತ್ತಾರೆ. ಹೊರಬೇಕಾದ್ದು ದಿನದ ಲೆಕ್ಕದಲ್ಲಿ.

ಯಾವಾಗ, ಯಾವ ಕಡೆಯಿಂದ

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿ ಬೇಸಿಗೆ, ಬೇಡವೇ ಬೇಡ. 2019ರ ಡಿಸೆಂಬರ್‌ನಲ್ಲಿ ನಲ್ಲಾರ್ಬರ್ ಹವಾಮಾನ ಕೇಂದ್ರದಲ್ಲಿ 49.9 ಡಿಗ್ರಿ ದಾಖಲಾಗಿದೆ. ಬೇಸಿಗೆಯಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಆಗ್ನೇಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಜೋರು. ಆದ್ದರಿಂದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಾರ್ಸ್‌ಮನ್‌ನಿಂದ ಪೂರ್ವಕ್ಕೆ ಹೊರಡುವುದು ನಮ್ಮ ಆಯ್ಕೆ. ಬೆನ್ನುಗಾಳಿ ಸಿಗುವ ಸಂಭವ ಹೆಚ್ಚು ಅಷ್ಟೇ, ಖಾತ್ರಿಯಲ್ಲ. ಮೋಡದ ಸಾಲು ಬರುವ ಮುಂಚೆ ಉತ್ತರದಿಂದ ಬಿಸಿಗಾಳಿ ಹೊಡೆದು, ಅದು ದಾಟಿದೊಡನೆ ಗಾಳಿ ನೈಋತ್ಯದಿಂದ ಬೀಸತೊಡಗುತ್ತದೆ. ಪ್ರತಿ ರೋಡ್‌ಹೌಸಿನಲ್ಲೂ (ಹೆದ್ದಾರಿ ಬದಿಯ ಪೆಟ್ರೋಲ್ ಬಂಕು, ಊಟದ ತಾಣ) ಮುಂದಿನ ಮೂರು ದಿನದ ಗಾಳಿ ನೋಡಿಯೇ ಹೊರಡಿ.

ಪರ್ತ್‌ನಿಂದ ಕಾಲ್ಗೂರ್ಲಿಗೆ ಪ್ರಾಸ್ಪೆಕ್ಟರ್ ರೈಲಿದೆ. ಸೈಕಲ್ಲಿಗೆ ಮೊದಲೇ ಜಾಗ ಕೇಳಿಡಬೇಕು. ಅಲ್ಲಿಂದ ನಾರ್ಸ್‌ಮನ್ ಸುಮಾರು 190 ಕಿ.ಮೀ. ಸಾಮಾನು ಹೇರಿದ ಸೈಕಲ್ಲನ್ನು ಪರೀಕ್ಷಿಸಲು ಈ ಎರಡು ದಿನ ಸಾಕು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಸಬ್‌ಕ್ಲಾಸ್ 600 ಸಂದರ್ಶಕರ ವೀಸಾ ಬೇಕು. ವಿಮಾನ ಹತ್ತುವ ಮುಂಚೆ ಟೈರು, ಪೆಡಲ್, ಮಡ್‌ಗಾರ್ಡ್ ಒಳಭಾಗ, ಟೆಂಟಿನ ಗೂಟಗಳನ್ನು ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯಿರಿ. ಮಣ್ಣು ಅಂಟಿದ್ದರೆ ಜೈವಿಕ ತಪಾಸಣೆಯವರು ಬಿಡುವುದಿಲ್ಲ. ಸೈಕಲ್ ಇದೆ, ತಿಂಡಿ ಇದೆ ಎಂದು ಆಗಮನ ಪತ್ರದಲ್ಲಿ ಬರೆಯಲೇಬೇಕು.

ನೀರು

ರೋಡ್‌ಹೌಸುಗಳ ನಡುವಿನ ಅಂತರ, ಪೂರ್ವಕ್ಕೆ ಹೋಗುವ ಕ್ರಮದಲ್ಲಿ, ಕಿ.ಮೀ.ಗಳಲ್ಲಿ ಹೆಚ್ಚುಕಡಿಮೆ ಹೀಗಿದೆ:

ನಾರ್ಸ್‌ಮನ್ – ಬಲಡೋನಿಯಾ 191
ಬಲಡೋನಿಯಾ – ಕೈಗೂನಾ 182
ಕೈಗೂನಾ – ಕಾಕಲ್‌ಬಿಡ್ಡಿ 65
ಕಾಕಲ್‌ಬಿಡ್ಡಿ – ಮಡೂರಾ 92
ಮಡೂರಾ – ಮಂಡ್ರಬಿಲ್ಲಾ 116
ಮಂಡ್ರಬಿಲ್ಲಾ – ಯೂಕ್ಲಾ 66
ಯೂಕ್ಲಾ – ಬಾರ್ಡರ್ ವಿಲೇಜ್ 12
ಬಾರ್ಡರ್ ವಿಲೇಜ್ – ನಲ್ಲಾರ್ಬರ್ 184
ನಲ್ಲಾರ್ಬರ್ – ನಂಡ್ರೂ 145
ನಂಡ್ರೂ – ಪೆನಾಂಗ್ 78
ಪೆನಾಂಗ್ – ಸೆಡೂನಾ 73

ಬಲಡೋನಿಯಾ–ಕೈಗೂನಾ ನಡುವಿನ 182 ಕಿ.ಮೀ. ತೆಗೆದುಕೊಳ್ಳಿ. ಅದರಲ್ಲಿ 146.6 ಕಿ.ಮೀ. ಒಂದೇ ನೇರ ರಸ್ತೆ, ಒಂದು ತಿರುವೂ ಇಲ್ಲ. ಗಾಳಿ ಸುಮ್ಮನಿದ್ದರೆ ಎರಡು ದಿನದ ದಾರಿ. ಎದುರುಗಾಳಿ ಬಂದರೆ ವೇಗ ಗಂಟೆಗೆ 10 ಕಿ.ಮೀ.ಗೆ ಇಳಿಯುತ್ತದೆ, ಆರು ಗಂಟೆ ತುಳಿದರೂ 60 ಕಿ.ಮೀ. ಅಂದರೆ ಮೂರು ದಿನ. ತಂಪು ಹವೆಯಲ್ಲಿ ದಿನಕ್ಕೆ ಕುಡಿಯಲು 5 ಲೀಟರ್, ಅಡುಗೆಗೆ ಒಂದೂವರೆ. ಎರಡು ದಿನಕ್ಕೆ 13, ಮೂರನೆಯ ದಿನಕ್ಕೆ ಕುಡಿಯಲು ಮಾತ್ರ 5. ಒಟ್ಟು 18 ಲೀಟರ್, ಅಂದರೆ 18 ಕೆ.ಜಿ. ಭಾರ ಹೆಚ್ಚೆಂದು ಈ ಕೊನೆಯ ಐದನ್ನು ಬಿಟ್ಟು ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಬಿಡಬೇಡಿ. 35 ಡಿಗ್ರಿ ದಾಟುವ ಮುನ್ಸೂಚನೆ ಇದ್ದರೆ ಇನ್ನಷ್ಟು ಹೇರುವ ಬದಲು ರೋಡ್‌ಹೌಸಿನಲ್ಲೇ ಒಂದು ದಿನ ಕೂತುಬಿಡಿ.

ಎಲ್ಲ ನೀರನ್ನೂ ಒಂದೇ ಚೀಲದಲ್ಲಿ ತುಂಬಬಾರದು. ಸೋರಿದರೆ ಪೂರ್ತಿ ಹೋಯಿತು. 4 ಲೀಟರಿನ ಎರಡು ಮಡಚುವ ಚೀಲ ಮುಂದಿನ ಕ್ಯಾರಿಯರಿನ ಕೆಳಗೆ, ಎಡಕ್ಕೊಂದು ಬಲಕ್ಕೊಂದು. ಉಳಿದದ್ದು ಒಂದೂವರೆ, ಎರಡು ಲೀಟರಿನ ಸಾಮಾನ್ಯ ಬಾಟಲಿಗಳಲ್ಲಿ. ಭಾರ ಹಿಂದೆ ಮೇಲೆ ಕೂತರೆ ಹ್ಯಾಂಡಲ್ ತೂಗಾಡುತ್ತದೆ. ವಿಶ್ರಾಂತಿ ತಾಣಗಳ ಮಳೆನೀರಿನ ಟ್ಯಾಂಕನ್ನು ನಂಬಿ ಹೊರಡಬೇಡಿ, ಬರಿದಾಗಿರಬಹುದು. ರೋಡ್‌ಹೌಸಿನವರಿಗೂ ನೀರು ದುಬಾರಿ. ಪುಕ್ಕಟೆ ಸಿಗುತ್ತದೆಂದು ತಿಳಿಯದೆ, ಕೇಳಿ ಕೊಂಡುಕೊಳ್ಳಿ. ದಿನಕ್ಕೆ ಒಂದೆರಡು ಪೊಟ್ಟಣ ಓಆರ್‌ಎಸ್ ಬೇಕು. ಬೆವರು ಸುರಿಸಿ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಶುರುವಾಗುತ್ತದೆ. ಅದನ್ನು ಬಾಯಾರಿಕೆ ಎಂದುಕೊಂಡು ಇನ್ನಷ್ಟು ನೀರು ಕುಡಿದರೆ ಕೆಟ್ಟಿತು.

ರೋಡ್ ಟ್ರೇನ್

ಎರಡು ಮೂರು ಟ್ರೇಲರ್ ಎಳೆಯುವ ಲಾರಿಗಳಿವು. ರಸ್ತೆ ನಮ್ಮಲ್ಲಿನಂತೆ ಎಡಬದಿಯದೇ, ಆದರೆ ಬಹುಪಾಲು ಡಾಂಬರಿನಂಚಿಗೆ ಹೆಚ್ಚು ಜಾಗವಿಲ್ಲ. ಹ್ಯಾಂಡಲ್ಲಿಗೆ ಬಲಗಡೆ ಕನ್ನಡಿ ಕಡ್ಡಾಯವೆಂದೇ ತಿಳಿಯಿರಿ. ಹೆಲ್ಮೆಟ್ ಅಂತೂ ಕಾನೂನಿನಂತೆಯೇ ಕಡ್ಡಾಯ. ಹಿಂದಿನ ಲಾರಿ, ಎದುರಿನ ಲಾರಿ ನಿಮ್ಮ ಪಕ್ಕದಲ್ಲೇ ಸಂಧಿಸುತ್ತವೆ ಅನ್ನಿಸಿದರೆ ಯೋಚನೆ ಮಾಡದೆ ಜಲ್ಲಿಗೆ ಇಳಿದು ನಿಲ್ಲಿ. ಹಕ್ಕಿನ ಮಾತು ಅಲ್ಲಿ ಬೇಡ. ಅಷ್ಟು ಭಾರ ಹೊತ್ತವನು ನಿಲ್ಲಿಸಬೇಕೆಂದರೂ ನಿಲ್ಲಿಸಲಾರ.

ಹೊಸಬರನ್ನು ಕೆಡವುವುದು ಅಡ್ಡಗಾಳಿ. ಪೂರ್ವಕ್ಕೆ ಹೋಗುವಾಗ ದಕ್ಷಿಣದ ಗಾಳಿ ಬಲಗಡೆಯಿಂದ ಒತ್ತುತ್ತದೆ, ನೀವು ಗೊತ್ತಿಲ್ಲದೆ ಬಲಕ್ಕೆ ವಾಲಿಕೊಂಡೇ ತುಳಿಯುತ್ತಿರುತ್ತೀರಿ. ಲಾರಿ ಪಕ್ಕಕ್ಕೆ ಬಂದೊಡನೆ ಗಾಳಿ ತಟ್ಟನೆ ನಿಂತು ಸೈಕಲ್ ಲಾರಿಯ ಕಡೆಗೇ ಸರಿಯುತ್ತದೆ. ಅದು ದಾಟಿದ ಕ್ಷಣ ಗಾಳಿ ಮತ್ತೆ ಬಡಿಯುತ್ತದೆ. ಕನ್ನಡಿಯಲ್ಲಿ ಲಾರಿ ಕಂಡಾಗಲೇ ಅರ್ಧ ಮೀಟರ್ ಎಡಕ್ಕೆ ಸರಿದು, ಹ್ಯಾಂಡಲ್ಲಿನ ಕೆಳಭಾಗ ಹಿಡಿದು, ತುಳಿಯುತ್ತಲೇ ಇರಿ. ತುಳಿತ ನಿಲ್ಲಿಸಿದರೆ ಓಲಾಟ ಹೆಚ್ಚು.

ಇನ್ನೊಂದು: ಬೆಳಿಗ್ಗೆ ನಿಮ್ಮ ಹಿಂದೆ ಬರುವ ಚಾಲಕನ ಕಣ್ಣಿಗೆ ನೇರ ಸೂರ್ಯ ಹೊಡೆಯುತ್ತಿರುತ್ತಾನೆ. ಸೂರ್ಯೋದಯವಾಗಿ ಒಂದು ಗಂಟೆಯಾದರೂ ಕಳೆಯಲಿ, ಆಮೇಲೆ ರಸ್ತೆಗಿಳಿಯಿರಿ. ಸಂಜೆ ಕತ್ತಲಿಗೆ ಒಂದು ಗಂಟೆ ಮೊದಲೇ ರಸ್ತೆ ಬಿಡಿ; ಕಾಂಗರೂಗಳು ಓಡಾಡುವ ಹೊತ್ತದು. ಲಾರಿಯವರು ಯುಎಚ್‌ಎಫ್ ರೇಡಿಯೋದ 40ನೇ ಚಾನೆಲ್‌ನಲ್ಲಿ ಮಾತಾಡಿಕೊಳ್ಳುತ್ತಾರೆ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ಇದ್ದರೆ ಅಗತ್ಯ ಬಿದ್ದಾಗ ನೀವೂ ಕರೆಯಬಹುದು.

ಸೈಕಲ್ಲು, ಪಂಕ್ಚರ್, ಕಡ್ಡಿ

ಉಕ್ಕಿನ ಫ್ರೇಮು, 36 ಕಡ್ಡಿಯ ಹಿಂದಿನ ಚಕ್ರ, ಪಂಕ್ಚರ್ ತಡೆ ಪಟ್ಟಿಯಿರುವ 40 ಮಿ.ಮೀ. ಅಗಲದ ಟೈರು. ಹಿಂದೆ 60 ಪಿಎಸ್‌ಐ ಆಸುಪಾಸು ಗಾಳಿ.

ಇಲ್ಲಿ ಪಂಕ್ಚರಿಗೆ ಎರಡು ಕಾರಣ. ಒಂದು, ಸಿಡಿದ ಲಾರಿ ಟೈರುಗಳಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ರಸ್ತೆಯಂಚಿನ ತುಂಬ ಇದೇ. ಟ್ಯೂಬು ಬದಲಿಸಿ ಹೊರಟರೂ ಹತ್ತು ಕಿ.ಮೀ.ಗೆ ಮತ್ತೆ ಗಾಳಿ ಹೋಯಿತೆಂದರೆ ತಂತಿ ಟೈರಿನೊಳಗೇ ಉಳಿದಿದೆ ಎಂದರ್ಥ. ಒಳಮೈಯ ಮೇಲೆ ಹತ್ತಿ ಸವರಿ, ಎಳೆ ಸಿಕ್ಕಿಕೊಂಡ ಕಡೆ ಚಿಮುಟದಿಂದ ಕೀಳಿ. ಎರಡನೆಯದು ನಮ್ಮ ಹೊಲದ ಬದುಗಳಲ್ಲಿ ಇರುವ ಅದೇ ನೆಗ್ಗಿಲು ಮುಳ್ಳು. ಸೈಕಲ್ಲನ್ನು ಪಕ್ಕದ ಮಣ್ಣಿಗೆ ಉರುಳಿಸಿಕೊಂಡು ಹೋಗುವಾಗ ಚುಚ್ಚುತ್ತದೆ. ರಸ್ತೆ ಬಿಟ್ಟ ಮೇಲೆ ಎತ್ತಿ ನಡೆಯಿರಿ.

ಟ್ಯೂಬು ಮೂರು, ಮಡಚುವ ಟೈರು ಒಂದು, ಪ್ಯಾಚು ಇಪ್ಪತ್ತು. ಸಲ್ಯೂಷನ್ ಟ್ಯೂಬು ಎರಡು, ಸೀಲು ಒಡೆಯದವು. ಒಮ್ಮೆ ತೆರೆದದ್ದು ಬಿಸಿಲಿಗೆ ಬೇಗ ಒಣಗುತ್ತದೆ. ಕಡ್ಡಿ ಮುರಿಯುವುದು ಹೆಚ್ಚಾಗಿ ಹಿಂದಿನ ಚಕ್ರದಲ್ಲಿ, ಚೈನಿನ ಬದಿಗೆ. ಆ ಕಡೆಯವು ಹೆಚ್ಚು ಬಿಗಿಯಾಗಿ, ಕಡಿಮೆ ಓರೆಯಲ್ಲಿ ನಿಂತಿರುತ್ತವೆ. ಅವನ್ನು ಬದಲಿಸಲು ಕ್ಯಾಸೆಟ್ (ಹಿಂದಿನ ಗೇರಿನ ಹಲ್ಲುಚಕ್ರಗಳ ಗುಚ್ಛ) ಬಿಚ್ಚಲೇಬೇಕು. ಆದ್ದರಿಂದ ಆ ಅಳತೆಯ ಆರು ಕಡ್ಡಿ, ನಿಪ್ಪಲ್ಲು, ಕ್ಯಾಸೆಟ್ ಬಿಚ್ಚುವ ಸಣ್ಣ ಸಾಧನ ಜೊತೆಗಿರಲಿ. ಉಳಿದಂತೆ ಚೈನ್ ಕೊಂಡಿ ಎರಡು, ಗೇರು ಮತ್ತು ಬ್ರೇಕಿನ ತಂತಿ ಒಂದೊಂದು, ಕ್ಯಾರಿಯರಿಗೆ 5 ಮಿ.ಮೀ. ಬೋಲ್ಟು ನಾಲ್ಕು. ದಾರಿಯಲ್ಲಿ ಸೈಕಲ್ ಅಂಗಡಿ ಇಲ್ಲ.

ಊಟ, ಬಿಡಾರ

ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿಯನ್ನು ಪರ್ತ್‌ನ ಭಾರತೀಯ ಅಂಗಡಿಗಳಲ್ಲೇ ಕೊಂಡರೆ ತಪಾಸಣೆಯ ತಲೆನೋವಿಲ್ಲ. ತೆಳು ಅವಲಕ್ಕಿ ಇಲ್ಲಿ ನಿಜಕ್ಕೂ ಬೆಲೆಬಾಳುವ ಆಹಾರ: ಕಡಿಮೆ ನೀರು ಸಾಕು, ಬೆಂಕಿ ಬೇಡ. ಬೆಂಕಿ ನಿಷೇಧ ಘೋಷಿಸಿದ ದಿನ ಬಯಲಿನಲ್ಲಿ ಒಲೆ ಹಚ್ಚುವಂತಿಲ್ಲ. ರೋಡ್‌ಹೌಸಿನಲ್ಲಿ ಸಸ್ಯಾಹಾರವೆಂದರೆ ಬಹುತೇಕ ಆಲೂ ಚಿಪ್ಸು, ಟೋಸ್ಟು. ಕೈಗೂನಾ ದಾಟಿದ ಮೇಲೆ ಬಾರ್ಡರ್ ವಿಲೇಜ್‌ವರೆಗೆ ಗಡಿಯಾರ ಪರ್ತ್‌ಗಿಂತ 45 ನಿಮಿಷ ಮುಂದಿರುತ್ತದೆ, ಫೋನು ಇದನ್ನು ಸರಿಯಾಗಿ ತೋರಿಸದಿರಬಹುದು. ಅಡುಗೆಮನೆ ಮುಚ್ಚುವ ಹೊತ್ತನ್ನು ಅಲ್ಲಿನ ಗೋಡೆ ಗಡಿಯಾರ ನೋಡಿ ತಿಳಿದುಕೊಳ್ಳಿ.

ಟೆಂಟನ್ನು ರಸ್ತೆಯಿಂದ ಕನಿಷ್ಠ ನೂರು ಮೀಟರ್ ಒಳಗೆ, ಪೊದೆಯ ಮರೆಯಲ್ಲಿ ಹಾಕಿ. ಲಾರಿ ನಿಲ್ಲುವ ಜಾಗದಲ್ಲಿ ಮಲಗಬಾರದು. ರಾತ್ರಿ ತಿರುಗಿಸುವವರಿಗೆ ಟೆಂಟು ಕಾಣುವುದಿಲ್ಲ. ಬಲಡೋನಿಯಾವರೆಗೆ ಯೂಕಲಿಪ್ಟಸ್ ಕಾಡಿದೆ. ದೊಡ್ಡ ಮರದ ಬುಡ ಬೇಡ, ಕೊಂಬೆ ಸದ್ದಿಲ್ಲದೆ ಮುರಿದು ಬೀಳುತ್ತದೆ. ಮುಂದೆ ಮಣ್ಣಿನ ತೆಳು ಪದರದ ಕೆಳಗೆ ಸುಣ್ಣಕಲ್ಲು, ಅಲ್ಯೂಮಿನಿಯಂ ಗೂಟ ಬಾಗುತ್ತದೆ. ತಾನಾಗಿ ನಿಲ್ಲುವ ಟೆಂಟು, ನಾಲ್ಕು ಉಕ್ಕಿನ ಮೊಳೆ ಒಳ್ಳೆಯದು. ಬಾರ್ಡರ್ ವಿಲೇಜ್ ದಾಟಿದ ಮೇಲೆ ಸಿಗುವ ಬಂಡಾ ಎಂಬ ಕಡಲತೀರದ ಕಡಿದಾದ ಬಂಡೆಗಳ ಅಂಚು ಕೆಳಗೆ ಟೊಳ್ಳಾಗಿರುತ್ತದೆ, ಹತ್ತಿರ ಹೋಗಬೇಡಿ.

ಒಬ್ಬರೇ ಇದ್ದೀರಿ ಎಂಬುದಕ್ಕೆ

ಟೆಲ್‌ಸ್ಟ್ರಾ ಸಿಮ್ಮೇ ಇರಲಿ. ಅದೂ ರೋಡ್‌ಹೌಸುಗಳ ಆಸುಪಾಸು ಬಿಟ್ಟರೆ ಬಹುಪಾಲು ಸಿಗುವುದಿಲ್ಲ. ಉಪಗ್ರಹದ ಮೂಲಕ ನೆರವು ಕೋರುವ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಕೊಂಡು ನೋಂದಾಯಿಸಿ, ಚೀಲದಲ್ಲಲ್ಲ, ಮೈಮೇಲೆ ಇಟ್ಟುಕೊಳ್ಳಿ. ಬಿದ್ದಾಗ ಸೈಕಲ್ ಒಂದು ಕಡೆ, ನೀವು ಒಂದು ಕಡೆ ಇರಬಹುದು. ಮನೆಯವರಿಗೆ "ತಲುಪಿ ಫೋನ್ ಮಾಡುತ್ತೇನೆ" ಅಂದರೆ ಸಾಲದು. "ಗುರುವಾರ ಸಂಜೆಯೊಳಗೆ ಕೈಗೂನಾದಿಂದ ಸುದ್ದಿ ಬರದಿದ್ದರೆ ಶುಕ್ರವಾರ ಬೆಳಿಗ್ಗೆ ಈ ರೋಡ್‌ಹೌಸಿಗೆ ಫೋನ್ ಮಾಡಿ" ಎಂದು ಬರೆದುಕೊಡಿ. ಎದುರುಗಾಳಿಗೆಂದು ಒಂದು ದಿನ ಸೇರಿಸಿಯೇ ಗಡುವು ಹೇಳಿ. ಆಸ್ಟ್ರೇಲಿಯಾದೊಳಗಿನ ತುರ್ತು ಸಂಖ್ಯೆ 000.

ಸೆಡೂನಾದಲ್ಲಿ ಪೂರ್ವಕ್ಕೆ ಹೋಗುವವರನ್ನು ಹಣ್ಣುನೊಣದ ತಪಾಸಣೆಗೆ ನಿಲ್ಲಿಸುತ್ತಾರೆ. ಚೀಲದಲ್ಲಿ ಉಳಿದ ಹಣ್ಣು, ಟೊಮೇಟೊಗಳನ್ನು ಪೆನಾಂಗ್‌ನಿಂದ ಹೊರಡುವ ಬೆಳಿಗ್ಗೆಯೇ ತಿಂದು ಮುಗಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.