ಮೋಟರ್‌ಹೋಮ್‌ಗೆ ಉಪಗ್ರಹ ಟಿವಿ: ಡಿಶ್ ಕೊಳ್ಳುವ ಮುನ್ನ

ಬ್ರಿಟನ್ನಿನಲ್ಲಿ ನೆಲೆಸಿ, ರಜೆ ಸಿಕ್ಕೊಡನೆ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಮನೆಗಾಡಿ) ಏರಿ ಹೊರಡುವ ಕನ್ನಡಿಗರು ಉಪಗ್ರಹ ಟಿವಿಯ ಬಗ್ಗೆ ವಿಚಾರಿಸುವಾಗ ಮೊದಲು ಬೆಲೆ ಕೇಳುತ್ತಾರೆ. ಡಿಶ್ ತಾನಾಗಿಯೇ ಉಪಗ್ರಹವನ್ನು ಹುಡುಕಿಕೊಳ್ಳುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಗಾಡಿಯನ್ನು ಎಲ್ಲೆಲ್ಲಿ ನಿಲ್ಲಿಸುತ್ತೀರಿ, ಅಲ್ಲಿ ಯಾವ ವಾಹಿನಿಗಳು ಬೇಕು ಎಂಬುದು ನಿಶ್ಚಯವಾಗುವವರೆಗೆ ಈ ಎರಡಕ್ಕೂ ಸರಿಯಾದ ಉತ್ತರ ಸಿಗದು. ಕನ್ನಡ ಧಾರಾವಾಹಿಗಳೇ ನಿಮ್ಮ ಉದ್ದೇಶವಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು: ಬ್ರಿಟನ್ನಿನ ಉಚಿತ ಉಪಗ್ರಹ ಟಿವಿ ಸೇವೆಯಾದ ಫ್ರೀಸ್ಯಾಟ್‌ನಲ್ಲಿ ಕನ್ನಡ ವಾಹಿನಿಗಳಿಲ್ಲ, ಆ ಹಣವನ್ನು ಒಳ್ಳೆಯ 5ಜಿ ರೂಟರ್‌ಗೆ ಹಾಕುವುದೇ ಲೇಸು.

ಬಿಬಿಸಿ, ಐಟಿವಿ ಮುಂತಾದ ಉಚಿತ ವಾಹಿನಿಗಳು ಬರುವುದು 28.2 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಆಸ್ಟ್ರಾ 2 ಉಪಗ್ರಹಗಳಿಂದ. ಇವುಗಳಲ್ಲಿ ಮುಖ್ಯವಾದವನ್ನು ಬ್ರಿಟನ್ ಮತ್ತು ಐರ್ಲೆಂಡ್ ಕಡೆಗೆ ಕೇಂದ್ರೀಕರಿಸಿದ ಕಿರಿದಾದ ಕಿರಣದಲ್ಲಿ ಕಳುಹಿಸುವುದರಿಂದ, ಇಂಗ್ಲೆಂಡಿನಲ್ಲಿ 60 ಸೆಂ.ಮೀ. ಡಿಶ್‌ಗೆ ಧಾರಾಳವಾಗಿ ಸಿಗುವ ಸಂಕೇತ ಫ್ರಾನ್ಸಿನ ದಕ್ಷಿಣಕ್ಕೆ ಹೋದಂತೆ ಸೊರಗುತ್ತದೆ. ಸ್ಪೇನಿನ ದಕ್ಷಿಣ ಕರಾವಳಿಯಲ್ಲಂತೂ ಮೋಟರ್‌ಹೋಮ್ ಹೊರಬಹುದಾದ ಡಿಶ್‌ಗಳಿಂದ ಅದನ್ನು ನಿರೀಕ್ಷಿಸಬಾರದು. 19.2 ಡಿಗ್ರಿ ಪೂರ್ವದಿಂದ ಬರುವ ಜರ್ಮನಿಯ ಉಚಿತ ವಾಹಿನಿಗಳು ಮಾತ್ರ ಯುರೋಪಿನ ಬಹುಭಾಗವನ್ನು ಆವರಿಸುವ ವಿಶಾಲ ಕಿರಣದಲ್ಲಿವೆ. ಆದ್ದರಿಂದ ಮ್ಯೂನಿಕ್‌ನಿಂದ ಹೊರಡುವವರಿಗೆ ಸಾಕಾಗುವ ಡಿಶ್ ಲಂಡನ್ನಿನಿಂದ ಅದೇ ಊರಿಗೆ ಹೊರಟವರಿಗೆ ಸಾಲದೆ ಹೋಗಬಹುದು.

ಎರಡನೆಯ ತೊಡಕು ಮರಗಳದು. ಬೆಂಗಳೂರಿನ ತಾರಸಿಯಲ್ಲಿ ಡಿಡಿ ಫ್ರೀ ಡಿಶ್‌ನ ಉಪಗ್ರಹ ದಿಗಂತದಿಂದ ಸುಮಾರು 66 ಡಿಗ್ರಿ ಮೇಲಿರುತ್ತದೆ. ಲಂಡನ್ನಿನಲ್ಲಿ ಆಸ್ಟ್ರಾ 2 ಇರುವುದು ಬರೀ 25 ಡಿಗ್ರಿ ಎತ್ತರದಲ್ಲಿ, ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ 19ರ ಆಸುಪಾಸಿನಲ್ಲಿ. ಅಂದರೆ 10 ಮೀಟರ್ ಎತ್ತರದ ಮರವೊಂದು ಉಪಗ್ರಹವಿರುವ ಆಗ್ನೇಯ ದಿಕ್ಕಿನಲ್ಲಿದ್ದರೆ, ಲಂಡನ್ನಿನ ಬಳಿ ಅದರಿಂದ 20 ಮೀಟರಿಗೂ ಹೆಚ್ಚು ದೂರ ಸರಿಯಬೇಕು. ನೆರಳಿನ ಆಸೆಗೆ ಮರದಡಿ ನಿಂತವರ ಛಾವಣಿಯ ಡಿಶ್ ಎಷ್ಟು ದುಬಾರಿಯಾದರೂ ಪ್ರಯೋಜನಕ್ಕೆ ಬಾರದು.

ಈ ಕಾರಣಕ್ಕಾಗಿಯೇ, ಒಂದೇ ಕಡೆ ನಾಲ್ಕಾರು ದಿನ ತಂಗುವವರಿಗೆ ಟ್ರೈಪಾಡ್ ಮೇಲಿಡುವ ಡಿಶ್ ಅತ್ಯುತ್ತಮವೆಂಬುದು ನನ್ನ ಅಭಿಪ್ರಾಯ. ಅದನ್ನು ಗಾಡಿಯಿಂದ ದೂರ, ಬಯಲಿರುವ ಕಡೆ ಕೇಬಲ್ ಎಳೆದು ನಿಲ್ಲಿಸಬಹುದು, ಬೆಲೆಯೂ ಹಗುರ. ದಿನಕ್ಕೊಂದು ಊರು ಎನ್ನುವವರು, ಮಳೆಯಲ್ಲಿ ಹೊರಗಿಳಿಯಲು ಒಲ್ಲದವರು ಸ್ವಯಂಚಾಲಿತ ಡಿಶ್ ಕೊಳ್ಳಲಿ, ಆದರೆ ಇಗ್ನಿಷನ್ ಹಾಕಿದೊಡನೆ ಅದು ತಾನಾಗಿ ಮಡಚಿಕೊಳ್ಳುತ್ತದೆಯೇ, ದಕ್ಷಿಣಕ್ಕೆ ಹೋದಂತೆ ಹೆಚ್ಚುವ ಎಲ್‌ಎನ್‌ಬಿಯ (ಡಿಶ್‌ನ ಮುಂದೆ ಚಾಚಿದ ತೋಳಿನ ತುದಿಯಲ್ಲಿ ಸಂಕೇತ ಹಿಡಿಯುವ ಭಾಗ) ಓರೆಯನ್ನೂ ತಾನೇ ಸರಿಪಡಿಸಿಕೊಳ್ಳುತ್ತದೆಯೇ ಎಂದು ಕೇಳಿ ತಿಳಿಯಬೇಕು. ಗುಮ್ಮಟದಂಥ ಮುಚ್ಚಳದೊಳಗಿನ ಡಿಶ್ ಗಾಳಿಗೆ ಅಲುಗದು, ನೋಡಲೂ ಅಂದ. ಆದರೆ ಒಳಗಿರುವ ಡಿಶ್ ಚಿಕ್ಕದಾದ್ದರಿಂದ ದೂರದ ಪ್ರವಾಸಕ್ಕೆ ಒದಗದು. ಛಾವಣಿಯ ಮೇಲೆ ಏನನ್ನೇ ಕೂರಿಸಿದರೂ ಅದರ ತೂಕ ಗಾಡಿಯ ಒಟ್ಟು ತೂಕಕ್ಕೆ ಸಾಮಾನ್ಯವಾಗಿ ಇರುವ 3,500 ಕೆ.ಜಿ. ಮಿತಿಯೊಳಗೆ ಸೇರಬೇಕು, ಹೆಚ್ಚಿದ ಎತ್ತರವನ್ನು ಫೆರಿಯ ಟಿಕೆಟ್ ಕೊಳ್ಳುವಾಗ ಲೆಕ್ಕಕ್ಕೆ ಹಿಡಿಯಬೇಕು.

ಟ್ರೈಪಾಡ್ ಡಿಶ್ ಹೊಂದಿಸುವುದು ಜನ ಹೆದರುವಷ್ಟು ಕಷ್ಟವಲ್ಲ. ಗಾಡಿಯ ಉಕ್ಕಿನಿಂದ ದೂರ ನಿಂತು ದಿಕ್ಸೂಚಿಯಲ್ಲಿ 145 ಡಿಗ್ರಿ ನೋಡಿಕೊಳ್ಳಿ. ಹತ್ತಿರದಲ್ಲಿ ಮನೆಗಳಿದ್ದರೆ ಅವುಗಳ ಗೋಡೆಯ ಡಿಶ್‌ಗಳು ಮುಖ ಮಾಡಿದ ಕಡೆಗೇ ನಿಮ್ಮದನ್ನೂ ತಿರುಗಿಸಿದರಾಯಿತು. ಆಫ್‌ಸೆಟ್ ಡಿಶ್ (ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಗಿನ ತೋಳಿನ ಮೇಲಿರುವಂಥದು) ಬ್ರಿಟನ್ನಿನಲ್ಲಿ ಬಹುತೇಕ ನೆಟ್ಟಗೆ ನಿಂತಂತೆ ಕಾಣುತ್ತದೆ, ಊರಿನ ಡಿಶ್‌ನಂತೆ ಅದನ್ನು ಮೇಲ್ಮುಖವಾಗಿ ಮಲಗಿಸಬಾರದು. ಅನಂತರ ಬೆರಳಗಲದಷ್ಟು ತಿರುಗಿಸಿ, ಎರಡು ಮೂರು ಸೆಕೆಂಡು ಕಾಯಿರಿ, ಮತ್ತೆ ತಿರುಗಿಸಿ. ರಿಸೀವರ್‌ಗೆ ಸಂಕೇತ ಹಿಡಿಯಲು ಅಷ್ಟು ಸಮಯ ಬೇಕು, ಅವಸರಪಟ್ಟವರು ಉಪಗ್ರಹವನ್ನು ದಾಟಿ ಹೋಗುತ್ತಾರೆ. ಸಂಕೇತದ ಪಟ್ಟಿ ತುಂಬಿದ್ದರೂ ಬಿಬಿಸಿ ಬರದಿದ್ದರೆ ನೀವು ಪಕ್ಕದ ಉಪಗ್ರಹವನ್ನು ಹಿಡಿದಿರುವ ಸಾಧ್ಯತೆಯೇ ಹೆಚ್ಚು.

ರಿಸೀವರ್ ಮತ್ತು ಟಿವಿ ಎರಡೂ ನೇರವಾಗಿ 12 ವೋಲ್ಟ್‌ನಲ್ಲಿ ನಡೆಯುವಂಥವಾದರೆ ಇನ್ವರ್ಟರ್‌ನ ಗೊಡವೆಯಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ರಿಸೀವರ್‌ಗಳ ವಿಷಯದಲ್ಲಿ ಎಚ್ಚರ ಬೇಕು: 2024ರ ಜನವರಿಯ ವೇಳೆಗೆ ಬಿಬಿಸಿ ಉಪಗ್ರಹದ ಮೂಲಕ ಎಸ್‌ಡಿ (ಸಾಧಾರಣ ಸ್ಪಷ್ಟತೆಯ) ಪ್ರಸಾರವನ್ನು ನಿಲ್ಲಿಸಿರುವುದರಿಂದ, ಎಚ್‌ಡಿ ಇಲ್ಲದ ಪೆಟ್ಟಿಗೆಯಲ್ಲಿ ಆ ವಾಹಿನಿಗಳು ಬರುವುದಿಲ್ಲ.