ಲಾಕಿಂಗ್ ವೈರ್ ಮತ್ತು ಇಪ್ಪತ್ತನೇ ವರ್ಷ

ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. 1989ರಲ್ಲಿ ಸೇರಿದೆ. ಬೆಳಗಾವಿಯ ಸಾಂಬ್ರಾದಲ್ಲಿ ಪರೇಡು, ತಾಂಬರಂನಲ್ಲಿ ಟ್ರೇಡು, ಅಂದರೆ ಎಂಜಿನ್ ಕೆಲಸದ ತರಬೇತಿ. ಸಾರ್ಜೆಂಟ್ ಆದ ಮೇಲೆ ಹೊಸ ಹುಡುಗರನ್ನು ಪಳಗಿಸುವ ಕೆಲಸ ನನ್ನ ತಲೆಗೆ ಬಂತು. ಕೋರ್ಸ್ ಮುಗಿಸಿ ಬಂದವರಿಗೆ ಥಿಯರಿ ಬಾಯಿಪಾಠ, ಕೈ ಮಾತ್ರ ಪಳಗಿರುವುದಿಲ್ಲ.

ನನ್ನ ಮೊದಲ ಪಾಠ ಯಾವಾಗಲೂ ಲಾಕಿಂಗ್ ವೈರ್. ಎಂಜಿನ್ ನಡುಕಕ್ಕೆ ಬೋಲ್ಟ್ ಸಡಿಲಾಗದಂತೆ ಅದರ ತಲೆಯ ತೂತಿಗೆ ತೆಳು ತಂತಿ ಪೋಣಿಸಿ, ಹುರಿಮಾಡಿ, ಪಕ್ಕದ ಬೋಲ್ಟಿಗೆ ಕಟ್ಟಬೇಕು. ತಂತಿ ಎಳೆಯುವುದು ಬೋಲ್ಟ್ ಬಿಗಿಯಾಗುವ ಕಡೆಗೇ ಇರಬೇಕು. ತುದಿ ಒಳಗೆ ಮಡಚದಿದ್ದರೆ ಮುಂದಿನವನ ಬೆರಳು ಸೀಳುತ್ತದೆ.

2001ರಲ್ಲಿ ಗದಗ ಕಡೆಯ ಹುಡುಗನೊಬ್ಬ ಬಂದ. ಅವನು ಕಟ್ಟಿದ್ದನ್ನು ಕತ್ತರಿಸಿ ಎಸೆದೆ.

"ಗಟ್ಟಿ ಐತಲ್ರಿ ಸರ್?"

"ಗಟ್ಟಿ ಇದೆ ಕಣೋ. ಆದ್ರೆ ಉಲ್ಟಾ ಕಟ್ಟಿದೀಯ."

ಅವತ್ತು ಹನ್ನೊಂದು ಸಲ ಕಟ್ಟಿಸಿದೆ. ಕೆಲವು ವಾರ ಕಳೆದು, ಸಂಜೆ ಟೂಲ್ ಎಣಿಸುವಾಗ ಒಂದು ಸಣ್ಣ ಸಾಕೆಟ್ ಕಡಿಮೆ ಬಂತು. ಟೂಲ್ ಸಿಗದೆ ವಿಮಾನ ಹಾರುವ ಮಾತೇ ಇಲ್ಲ. ಟಾರ್ಚ್ ಹಿಡಿದು ಎಂಜಿನ್ ಬೇ ಪೂರ್ತಿ ಜಾಲಾಡಿದೆವು. ರಾತ್ರಿ ಹತ್ತೂವರೆಗೆ ಅದು ಇವನ ಡಾಂಗ್ರಿ (ಕೆಲಸದ ಮೇಲುಡುಪು) ಜೇಬಿನಲ್ಲೇ ಸಿಕ್ಕಿತು. ಅವನೇ ಬಂದು ಹೇಳಿದ, ಮುಖ ಬಿಳಿಚಿಕೊಂಡು. ಮುಚ್ಚಿಡದ ಹುಡುಗನನ್ನು ಬೈದು ಕೆಡಿಸಬಾರದು. ಮರುದಿನದಿಂದ ಟೂಲ್ ಲೆಕ್ಕ ಅವನಿಗೇ ಒಪ್ಪಿಸಿದೆ. ಕೆಲ ವರ್ಷಗಳಲ್ಲಿ ಅವನ ಕೆಲಸಕ್ಕೆ ಫಾರ್ಮ್ 700ರಲ್ಲಿ, ಅಂದರೆ ವಿಮಾನದ ನಿರ್ವಹಣೆ ದಾಖಲೆಯಲ್ಲಿ, ಮೇಲ್ಸಹಿ ಹಾಕುವಾಗ ನನಗೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ಆಗ ಏರ್‌ಮನ್‌ಗಳ, ಅಂದರೆ ಅಧಿಕಾರಿಗಳಲ್ಲದ ನಮ್ಮಂಥವರ, ಮೊದಲ ಕರಾರು 20 ವರ್ಷ ಇತ್ತು. ಆಮೇಲೆ ಎಕ್ಸ್‌ಟೆನ್ಶನ್ ಕೇಳಬಹುದಿತ್ತು, ಪೆನ್ಷನ್ ತಗೊಂಡು ಮನೆಗೂ ಹೋಗಬಹುದಿತ್ತು. 2021ರಲ್ಲಿ ಇವನು ಹೊರಟ. ಸಂಬಳದ ವಿಷಯ ಅಲ್ಲ. ಮಗಳು ಹತ್ತನೇ ಕ್ಲಾಸು, ಪೋಸ್ಟಿಂಗ್ ಬಂದಿತ್ತು, ಅವಳಿಗೆ ಅದು ನಾಲ್ಕನೇ ಶಾಲೆ ಆಗುತ್ತಿತ್ತು. ಒಂದು ವರ್ಷ ಇಲ್ಲೇ ಇರಿಸಿ ಎಂದು ಅರ್ಜಿ ಕೊಟ್ಟ. ಉತ್ತರ ಬರುವಷ್ಟರಲ್ಲಿ ಮಾಜಿ ಸೈನಿಕರ ಕೋಟಾದಲ್ಲಿ ಬ್ಯಾಂಕ್ ಪರೀಕ್ಷೆಗೆ ಕಟ್ಟಿ ಆಗಿತ್ತು. ಈಗ ಕೌಂಟರಿನಲ್ಲಿ ನೋಟು ಎಣಿಸುತ್ತಾನೆ. ಎಂಜಿನ್ ಸದ್ದು ಕೇಳಿಯೇ ತೊಂದರೆ ಹೇಳುತ್ತಿದ್ದ ಕಿವಿ ಅದು.

ತಪ್ಪು ನನ್ನದೂ ಇತ್ತು. ಅವನ ಮನೆಯ ಸಂಗತಿ ನಾನು ಕೇಳಿದ್ದು ಕೊನೆಯ ತಿಂಗಳು. ಆಮೇಲೆ ಡೈರಿಯಲ್ಲಿ ಒಂದು ಪಟ್ಟಿ ಇಟ್ಟೆ: ಯಾರಿಗೆ ಯಾವಾಗ 20 ತುಂಬುತ್ತದೆ, ಯಾರ ಮಗು ಯಾವ ಕ್ಲಾಸು, ಯಾರ ತಂದೆತಾಯಿಗೆ ಹುಷಾರಿಲ್ಲ. ಎರಡು ವರ್ಷ ಮೊದಲೇ ಕೂರಿಸಿ ಮಾತಾಡಿ, ಬೇಡಿಕೆಯನ್ನು ಮೇಲಕ್ಕೆ ಬರೆಸುತ್ತಿದ್ದೆ. ಹೊರಡಲು ನಿಂತಿದ್ದ ಇಬ್ಬರು ಉಳಿದರು, ಒಬ್ಬ ಹೋದ.

2022ರಲ್ಲಿ ಅಗ್ನಿಪಥ ಬಂದ ಮೇಲೆ ಈ ಲೆಕ್ಕವೇ ಬೇರೆಯಾಯಿತು. ನಾಲ್ಕು ವರ್ಷ, ಆಮೇಲೆ ನೂರಕ್ಕೆ ಹೆಚ್ಚೆಂದರೆ 25 ಜನ ಕಾಯಂ. ನನ್ನ ಪ್ರಕಾರ ಎಂಜಿನ್ ಮುಂದೆ ಹುಡುಗನನ್ನು ಒಂಟಿಯಾಗಿ ಬಿಡಲು ಮೂರು ವರ್ಷವಾದರೂ ಬೇಕು. "ಸರ್, ನನ್ನನ್ನ ಇಟ್ಕೋತಾರಾ?" ಎಂದು ಒಬ್ಬ ಅಗ್ನಿವೀರ ಕೇಳಿದ. ಹೂಂ ಅನ್ನುವ ಅಧಿಕಾರ ನನಗಿರಲಿಲ್ಲ. ಪ್ಲೈಯರ್ ಕೊಟ್ಟು ತಂತಿ ಕಟ್ಟಲು ಕೂರಿಸಿದೆ. 2024ರಲ್ಲಿ, ಅವನ ನಾಲ್ಕು ವರ್ಷ ತುಂಬುವ ಮೊದಲೇ, ನಾನು ನಿವೃತ್ತನಾದೆ. ಡೈರಿಯನ್ನು ಸೆಕ್ಷನ್ನಿನ ಹೊಸ ಸಾರ್ಜೆಂಟ್‌ಗೆ ಕೊಟ್ಟು ಬಂದಿದ್ದೇನೆ.