ಕಿರ್ದಿ ಮುಚ್ಚಿದ ಮೇಲಿನ ಇಪ್ಪತ್ತು ನಿಮಿಷ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ದಿನದ ಜಮಾ-ಖರ್ಚು ಬರೆಯುವ ಕಿರ್ದಿ, ಅದನ್ನು ಹೆಸರುವಾರು ವಿಂಗಡಿಸುವ ಖತಾವಣಿ, ರೈತರ ಪಟ್ಟಿ, ಹಮಾಲಿ ಲೆಕ್ಕ. ಈಗ ಕಂಪ್ಯೂಟರ್ ಬಂದು ಕುಳಿತಿದೆ. ಆದರೂ ನಮ್ಮ ಸಾಹುಕಾರರಿಗೆ ಕೈಬರಹದ ಕಿರ್ದಿ ನೋಡದಿದ್ದರೆ ರಾತ್ರಿ ಊಟ ಸೇರುವುದಿಲ್ಲ. ಮಂಡಿಯ ಬದುಕಿನ ಬಗ್ಗೆ ನಾನು ಬರೆದ ಪುಸ್ತಕ ಬಂದ ಮೇಲೆ ಹಲವರು ‘ಬರೆಯುವ ಅಭ್ಯಾಸ ಹೇಗೆ ಹಚ್ಚಿಕೊಂಡಿರಿ’ ಎಂದು ಕೇಳಿದರು. ನಗು ಬಂತು. ಬರೆಯುವುದೇ ನನ್ನ ಹೊಟ್ಟೆಪಾಡು. ಬರೆದದ್ದೆಲ್ಲ ಇನ್ನೊಬ್ಬರ ಹಣದ ಮಾತಾಗಿತ್ತು, ಅಷ್ಟೆ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದವು. ಮೆಕ್ಕೆಜೋಳದ ಸುಗ್ಗಿ ಕಾಲ. ಚೀಲಗಳು ಬಂದು ಬಿದ್ದಿವೆ, ಕೊಡಲು ನಗದಿಲ್ಲ. ಅದೇ ವಾರದಲ್ಲಿ ಮಾಯಕೊಂಡದ ಕಡೆಯ ರೈತರೊಬ್ಬರು ಬಂದು, ಮಗಳ ಲಗ್ನಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, ಏನೂ ಮಾತಾಡದೆ ಎದುರಿನ ಬೆಂಚಿನಲ್ಲಿ ಕುಳಿತರು. ಅರಿಸಿನ ಹಚ್ಚಿದ ಲಕೋಟೆ. ಮದುವೆಗೆ ಕರೆಯಲು ಬಂದವರಲ್ಲ, ಹಣ ಕೇಳಲು ಬಂದವರು. ಬಾಯಿಬಿಟ್ಟು ಕೇಳಲಾಗದೆ ಪತ್ರಿಕೆ ಇಟ್ಟಿದ್ದರು. ಸಂಜೆ ನಗದು ಕಿರ್ದಿಯಲ್ಲಿ ಬರೆಯಲು ಎರಡೇ ಸಾಲಿದ್ದವು. ಕೈ ಸುಮ್ಮನಿರಲಿಲ್ಲ. ಹಳೆಯ ಪಟ್ಟಿಯ ಹಿಂಬದಿಯಲ್ಲಿ ಆ ಲಕೋಟೆಯ ವಿಷಯ ಬರೆದೆ. ಅರ್ಧ ಪುಟ. ಮನೆಗೆ ಬಂದು ಹೆಂಡತಿಗೆ ಓದಿ ಹೇಳಿದಾಗ ಅವಳು ಒಲೆ ಆರಿಸಿ ಬಂದು ಇನ್ನೊಮ್ಮೆ ಓದಲು ಹೇಳಿದಳು.

ದಿನವೂ ಬರೆಯಬೇಕು ಎಂದು ಹಟ ಹಿಡಿದದ್ದು ಅಲ್ಲಿಂದ. ಹಟ ಉಳಿದದ್ದು ಹನ್ನೊಂದೇ ದಿನ. ‘ಬೆಳಗಿನ ಜಾವ ಐದಕ್ಕೆ ಎದ್ದು ಬರೆಯಿರಿ’ ಎಂದು ಎಲ್ಲರೂ ಉಪದೇಶಿಸುತ್ತಾರೆ. ನಮ್ಮ ಮನೆಯಲ್ಲಿ ಐದಕ್ಕೆ ಎದ್ದವನ ಕೈಗೆ ಸಿಗುವುದು ಪೆನ್ನಲ್ಲ, ನಲ್ಲಿ ನೀರಿನ ಪೈಪು. ರಾತ್ರಿ ಊಟದ ನಂತರ ಪ್ರಯತ್ನಿಸಿದೆ. ಎರಡನೆಯ ಸಾಲಿಗೆ ತೂಕಡಿಕೆ. ಕೊನೆಗೆ ಗೊತ್ತಾದದ್ದು ಇಷ್ಟು: ದಿನದಲ್ಲಿ ನಾನು ಹೇಗಿದ್ದರೂ ಪೆನ್ನು ಹಿಡಿದು ಕುಳಿತಿರುವ ಹೊತ್ತು ಒಂದೇ, ಸಂಜೆ ಕಿರ್ದಿ ಮುಚ್ಚುವ ಹೊತ್ತು. ಏಳೂಕಾಲಿಗೆ ಶಿಲ್ಕು, ಅಂದರೆ ದಿನದ ಕೊನೆಗೆ ಉಳಿದ ಹಣ, ತಾಳೆಯಾಗುತ್ತದೆ. ಏಳೂ ಮೂವತ್ತೈದಕ್ಕೆ ಶಟರ್ ಎಳೆಯುತ್ತಾರೆ. ನಡುವಿನ ಇಪ್ಪತ್ತು ನಿಮಿಷ ಸಾಹುಕಾರರು ಫೋನಿನಲ್ಲಿರುತ್ತಾರೆ, ಹಮಾಲರು ಕೈಕಾಲು ತೊಳೆಯುತ್ತಿರುತ್ತಾರೆ, ನನ್ನನ್ನು ಕೇಳುವವರಿಲ್ಲ. ಕಿರ್ದಿ ಮುಚ್ಚಿ, ಅದರ ಮೇಲೆಯೇ 200 ಪುಟದ ಒಂದು ಶಾಲಾ ನೋಟ್‌ಬುಕ್ ತೆರೆದೆ. ಹೊಸ ಅಭ್ಯಾಸಕ್ಕೆ ಹೊಸ ಜಾಗ ಹುಡುಕುವ ಬದಲು ಹಳೆಯ ಅಭ್ಯಾಸದ ಬಾಲಕ್ಕೆ ಅದನ್ನು ಕಟ್ಟಿದೆ. ಅಭ್ಯಾಸ ನೆಲೆನಿಂತಿತು.

ಆದರೆ ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತದೆ? ನೋಟ್‌ಬುಕ್ಕಿಗೂ ಅಂಕಣ ಹಾಕಿದೆ: ತಾರೀಖು, ಬರೆಯಬೇಕಾದದ್ದು ಒಂದು ಪುಟ, ಬರೆದದ್ದು, ಬಾಕಿ. ಸಂಬಂಧಿಕರ ಮದುವೆ, ಜ್ವರ, ದುಗ್ಗಮ್ಮನ ಜಾತ್ರೆ ಎಂದು ಕೆಲವು ದಿನ ತಪ್ಪಿತು. ಬಾಕಿಯನ್ನು ಮುಂದಕ್ಕೆ ಎಳೆಯುತ್ತ ಹೋದೆ. ಅದು ಒಂಬತ್ತು ಪುಟಕ್ಕೆ ಏರಿದ ದಿನ ನೋಟ್‌ಬುಕ್ಕನ್ನು ಕಂಡರೆ ತಲೆ ತಪ್ಪಿಸಿಕೊಳ್ಳುವಂತಾಯಿತು. ಮಂಡಿಯಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ: ಸಾಲ ಒಂದು ಮಟ್ಟ ದಾಟಿದರೆ ರೈತ ನಮ್ಮ ಅಂಗಡಿಯ ದಾರಿಯನ್ನೇ ಬಿಟ್ಟು ಬೇರೆ ಮಂಡಿಗೆ ಮಾಲು ಹಾಕುತ್ತಾನೆ. ನಾನೂ ಅದನ್ನೇ ಮಾಡಿದೆ. ಎರಡೂವರೆ ತಿಂಗಳು ಏನೂ ಬರೆಯಲಿಲ್ಲ.

ಮತ್ತೆ ಶುರು ಮಾಡಿದಾಗ ಬಾಕಿ ಅಂಕಣವನ್ನು ಸ್ಕೇಲು ಇಟ್ಟು ಹೊಡೆದುಹಾಕಿದೆ. ತಪ್ಪಿದ ದಿನದ ಎದುರು ಕೆಂಪು ಶಾಯಿಯಲ್ಲಿ ‘ಇಲ್ಲ’ ಎಂದು ಬರೆಯುವುದು, ಮರುದಿನಕ್ಕೆ ಅದರ ಭಾರ ಹೊರಿಸದಿರುವುದು. ಬದಲಿಗೆ ಶಿಲ್ಕನ್ನು ಮಾತ್ರ ಮುಂದಕ್ಕೆ ಒಯ್ದೆ. ಅಂದರೆ, ಶಟರ್ ಎಳೆಯುವ ಸದ್ದು ಕೇಳಿದಾಗ ಬರೆಯುತ್ತಿದ್ದ ವಾಕ್ಯವನ್ನು ಮುಗಿಸುವುದಿಲ್ಲ. ಮುಂದೇನು ಎಂದು ಗೊತ್ತಿದ್ದರೂ ಅಲ್ಲಿಗೇ ಬಿಡುತ್ತೇನೆ. ಮರುದಿನ ಅದೇ ನನ್ನ ಆರಂಭ ಶಿಲ್ಕು. ಖಾಲಿ ಗಲ್ಲಾಪೆಟ್ಟಿಗೆಯಿಂದ ವ್ಯಾಪಾರ ಶುರು ಮಾಡುವ ಸಂಕಟ ಇರುವುದಿಲ್ಲ.

2021ರ ಹೊತ್ತಿಗೆ ಏಳು ನೋಟ್‌ಬುಕ್ ತುಂಬಿದ್ದವು. ಅರವತ್ತೊಂದು ಬರಹಗಳು: ತೂಕದವರು, ಚೀಲ ಹೊಲಿಯುವ ಹೆಂಗಸರು, ಸುಗ್ಗಿಯ ರಾತ್ರಿಗಳು, ಹತ್ತಿ ಗಿರಣಿಯಲ್ಲಿದ್ದ ನಮ್ಮಪ್ಪ. ಮೊಬೈಲಿಗೆ ಏರಿಸುವಾಗ ಮೊದಲು ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ ಬಳಸಿದೆ. ‘ಹಮಾಲರು’ ಎಂದಾಗಲೆಲ್ಲ ಅದು ‘ಹಿಮಾಲಯ’ ಎಂದು ಬರೆಯುತ್ತಿತ್ತು. ಕೈಯಿಂದಲೇ ಟೈಪು ಮಾಡಿದೆ, ನಾಲ್ಕು ತಿಂಗಳು ಹಿಡಿಯಿತು. ಪ್ರೌಢಶಾಲೆಯ ಮೇಷ್ಟರಾಗಿದ್ದ ಸ್ನೇಹಿತರೊಬ್ಬರು ಓದಿ, ಮೂವತ್ತೊಂಬತ್ತನ್ನು ಹೊರಗಿಟ್ಟರು. ‘ಇವು ನಿನಗೆ ಇಷ್ಟ, ಓದುವವರಿಗಲ್ಲ’ ಎಂದರು. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಉಳಿದದ್ದು ಇಪ್ಪತ್ತೆರಡು.

ಪ್ರಕಾಶಕರೊಬ್ಬರಿಗೆ ಕಳುಹಿಸಿದೆ. ‘60,000 ಕೊಟ್ಟರೆ ತರುತ್ತೇವೆ, ನಿಮಗೆ 200 ಪ್ರತಿ’ ಎಂದರು. ಉಳಿದ ಪ್ರತಿಗಳು ಎಷ್ಟು, ಅವುಗಳ ಹಣ ಯಾರಿಗೆ ಎಂದು ಕೇಳಿದೆ. ಲೆಕ್ಕ ಬರೆಯುವವನು ಕೇಳದೆ ಇರುತ್ತಾನೆಯೇ? ಉತ್ತರ ಬರಲಿಲ್ಲ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಧನಸಹಾಯ ಕೊಡುತ್ತದೆ. ಆದರೆ ಅದು ಯುವ ಬರಹಗಾರರಿಗೆ; ನನಗೆ ಆಗಲೇ 52. ಹಾಗಾಗಿ ಬರೆದವನೂ ನಾನೇ, ಪ್ರಕಾಶಕನೂ ನಾನೇ ಎಂದಾಯಿತು.

ಅಚ್ಚಿನ ಮನೆಯಲ್ಲಿ ಕಲಿತ ಮೊದಲ ಪಾಠ ಫಾರಂ. ಡೆಮ್ಮಿ 1/8 ಅಳತೆಯ ಪುಸ್ತಕಕ್ಕೆ ಅವರು ಹದಿನಾರು ಪುಟಕ್ಕೆ ಒಂದು ಫಾರಂ ಲೆಕ್ಕ ಹಿಡಿಯುತ್ತಾರೆ. ನನ್ನದು ಪುಟ ವಿನ್ಯಾಸವಾಗಿ ಬಂದಾಗ 147 ಪುಟ. ಒಂಬತ್ತು ಫಾರಂ ಎಂದರೆ 144. ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಏರಿಸಿದರೆ ದುಡ್ಡೂ ದಂಡ, ಕೊನೆಯಲ್ಲಿ ಹಾಳು ಬಿಳಿ ಹಾಳೆಯೂ ಉಳಿಯುತ್ತದೆ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ವಿನ್ಯಾಸ, ಮಾಡುವ ಹುಡುಗ ಅಕ್ಷರದ ಗಾತ್ರ ಇಳಿಸೋಣ ಎಂದ. ನಮ್ಮ ಓದುಗರಲ್ಲಿ ಬಹಳ ಜನ ಚಾಳೀಸು ದಾಟಿದವರು, ಒಪ್ಪಲಿಲ್ಲ. ಮನೆಗೆ ತಂದು ಪೆನ್ಸಿಲ್ ಹಿಡಿದು ಕುಳಿತೆ. ಪ್ರತಿ ಬರಹದ ಕೊನೆಯ ಪ್ಯಾರಾದಲ್ಲಿ ನಾನು ಬುದ್ಧಿವಾದ ಹೇಳಿದ್ದೆ. ‘ರೈತನ ಬಾಳು ಹೀಗೆಯೇ’, ‘ಕಾಲ ಬದಲಾಗಿದೆ’ ಎಂಬಂಥ ಮಾತುಗಳು. ಅವನ್ನೆಲ್ಲ ಹೊಡೆದೆ. ಮೂರು ಪುಟ ಬೇಕಿತ್ತು, ಮೂರೂವರೆ ಸಿಕ್ಕಿತು. ಸಂಪಾದಕರು ಹೇಳಿದ್ದರೆ ಜಗಳವಾಡುತ್ತಿದ್ದೆನೇನೋ, ಕಾಗದದ ಲೆಕ್ಕಕ್ಕೆ ತಲೆಬಾಗಿದೆ.

ಮುನ್ನುಡಿಗೆ ದೊಡ್ಡವರ ಮನೆ ಬಾಗಿಲು ಕಾಯಲಿಲ್ಲ. ಎರಡು ಪುಟದ ‘ಲೇಖಕನ ಮಾತು’ ಸಾಕಾಯಿತು.

ಕರಡು ತಿದ್ದುವುದನ್ನು ಮಾತ್ರ ಮಂಡಿಯ ಪದ್ಧತಿಯಲ್ಲೇ ಮಾಡಿದೆ. ವರ್ಷದ ಕೊನೆಗೆ ಕಿರ್ದಿಯನ್ನೂ ಖತಾವಣಿಯನ್ನೂ ತಾಳೆ ನೋಡುವಾಗ ಒಬ್ಬ ಕೂಗುತ್ತಾನೆ, ಇನ್ನೊಬ್ಬ ಗುರುತು ಹಾಕುತ್ತಾನೆ. ಹಾಗೆಯೇ ಮಗಳು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿದಳು, ನಾನು ಕರಡಿನ ಮೇಲೆ ಟಿಕ್ಕು ಹಾಕುತ್ತ ಹೋದೆ. ಕಣ್ಣು ಒಂದೇ ಓದಿದರೆ ಗೊತ್ತಿರುವ ಪದವನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಕಿವಿಗೆ ಆ ಚಾಲಾಕಿತನ ಇಲ್ಲ. ಮೂರು ಸುತ್ತು ಮಾಡಿದೆವು. ಆದರೂ ಅಚ್ಚಾದ ಪುಸ್ತಕದ ಅರ್ಪಣೆಯ ಪುಟದಲ್ಲಿ, ಮೂರೇ ಸಾಲಿರುವ ಪುಟದಲ್ಲಿ, ‘ಅಪ್ಪನಿಗೆ’ ಎಂಬುದು ‘ಆಪ್ಪನಿಗೆ’ ಎಂದು ಬಂತು. ಮೂರು ಸಾಲನ್ನು ಯಾರು ತಾಳೆ ನೋಡುತ್ತಾರೆ ಎಂದು ಬಿಟ್ಟಿದ್ದೆವು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಾನು ಯುನಿಕೋಡ್‌ನಲ್ಲಿ, ಅಂದರೆ ಮೊಬೈಲು ಕಂಪ್ಯೂಟರುಗಳೆಲ್ಲ ಓದಬಲ್ಲ ಅಕ್ಷರ ಸಂಕೇತದಲ್ಲಿ, ಕೊಟ್ಟದ್ದನ್ನು ಡಿಟಿಪಿಯವರು ತಮ್ಮ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸಿಕೊಂಡು ಪುಟ ಕಟ್ಟಿದರು. ತಿದ್ದುಪಡಿಗಳೆಲ್ಲ ಆ ಕಡತದಲ್ಲಿ ಮಾತ್ರ ಆದವು. ಮುಂದೆ ಇ-ಪುಸ್ತಕಕ್ಕೆಂದು ಅದನ್ನು ಮತ್ತೆ ಯುನಿಕೋಡಿಗೆ ತಂದಾಗ ‘ಕಾರ್ಯಕ್ರಮ’ ಎಲ್ಲ ಕಡೆ ‘ಕರ‍್ಯಕ್ರಮ’ ಆಗಿ ಕುಳಿತಿತ್ತು. ಅರ್ಕಾವೊತ್ತು ಇದ್ದಲ್ಲೆಲ್ಲ ದೀರ್ಘ ಮಾಯ. ಇ-ಪುಸ್ತಕ ಇನ್ನೂ ಹಾಗೆಯೇ ಬಿದ್ದಿದೆ. ಕರಡಿನಲ್ಲಿ ತಿದ್ದಿದ್ದನ್ನು ಅದೇ ದಿನ ನಿಮ್ಮ ಯುನಿಕೋಡ್ ಪ್ರತಿಯಲ್ಲಿಯೂ ತಿದ್ದಿಬಿಡಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ನನ್ನಿಂದ ಒಬ್ಬರು 2,000 ಕೇಳಿದ್ದರು. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ. ಲೇಖಕರೇ ಪ್ರಕಾಶಕರಾಗಿದ್ದರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅಚ್ಚಿಗೆ ಕೊಡುವುದಕ್ಕೆ ತಿಂಗಳುಗಳ ಮೊದಲೇ ಹಾಕಿ. ಪುಸ್ತಕ ಬಂದ ಮೇಲೆ 1954ರ ಕಾಯ್ದೆಯ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು. ನಮ್ಮ ರಾಜ್ಯದ ಗ್ರಂಥಾಲಯ ಇಲಾಖೆ ಆಯ್ದ ಪುಸ್ತಕಗಳನ್ನು ಕೊಳ್ಳುವುದೂ ಉಂಟು. ಅದನ್ನು ನಂಬಿ ಸಾವಿರ ಪ್ರತಿ ಅಚ್ಚು ಹಾಕಿಸುವವರು ಮನೆಯಲ್ಲಿ ಜಾಗ ಅಳೆದುಕೊಂಡು ಹಾಕಿಸಲಿ.

ನಾನು ಹಾಕಿಸಿದ್ದು 500. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದ, ಮ್ಯಾಟ್ ಲ್ಯಾಮಿನೇಶನ್ ಮಾಡಿದ ಮುಖಪುಟ. ಅಚ್ಚು ಮತ್ತು ಬೈಂಡಿಂಗ್ ಪ್ರತಿಗೆ 62ರಂತೆ 31,000. ಡಿಟಿಪಿ ಪುಟಕ್ಕೆ 30ರಂತೆ 4,320. ಮುಖಪುಟ ವಿನ್ಯಾಸಕ್ಕೆ 3,000. ಒಟ್ಟು 38,320, ಪ್ರತಿಯ ಅಸಲು 76 ರೂಪಾಯಿ 64 ಪೈಸೆ. ಬೆಲೆ 160 ಇಟ್ಟೆ. ‘ಇಷ್ಟು ಲಾಭವೇ’ ಎಂದು ಹುಬ್ಬೇರಿಸಬೇಡಿ. ಅಂಗಡಿಯವರಿಗೆ ಶೇಕಡಾ 40 ಬಿಟ್ಟರೆ ಕೈಗೆ ಬರುವುದು 96. ಅದೂ ಪುಸ್ತಕ ಮಾರಿದ ಮೇಲೆ, ಮೂರು ಸಲ ಹೋಗಿ ಕೇಳಿದ ಮೇಲೆ.

2022ರ ಡಿಸೆಂಬರಿನಲ್ಲಿ ಕಟ್ಟುಗಳು ಮಂಡಿಗೇ ಬಂದವು. ಇಳಿಸಿದ ಹಮಾಲರು ಅಭ್ಯಾಸಬಲದಿಂದ ಅವನ್ನು ತೂಕದ ಯಂತ್ರದ ಮೇಲೆ ಇಟ್ಟರು. 88 ಕೆ.ಜಿ. ಆ ಸಾಲಿನಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 1,962 ಇತ್ತು. ಒಂದು ಕ್ವಿಂಟಲೂ ತುಂಬದ ಸರಕಿಗೆ 38,320 ಸುರಿದವನು ನಮ್ಮ ಪ್ರಾಂಗಣದಲ್ಲಿ ನಾನೊಬ್ಬನೇ ಇರಬೇಕು. ಹಿರಿಯ ಹಮಾಲರೊಬ್ಬರು ಒಂದು ಪ್ರತಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಮೇಲೆ ಕೆಳಗೆ ಆಡಿಸಿದರು. ಅವರಿಗೆ ಓದಲು ಬರುವುದಿಲ್ಲ. ಅವರ ಮೇಲೆ ಬರೆದ ಒಂದು ಬರಹ ಅದರಲ್ಲಿತ್ತು, ಅದು ಅವರಿಗೆ ಗೊತ್ತಿತ್ತು. ‘ಮೂವತ್ತು ವರ್ಷ ಚೀಲ ಹೊತ್ತಿದ್ದಕ್ಕೆ ಇಷ್ಟೇ ತೂಕವೇನಣ್ಣ?’ ಎಂದರು. ಆಮೇಲೆ ಎರಡು ಪ್ರತಿಗೆ ದುಡ್ಡು ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಒಂದು ಮೊಮ್ಮಗನಿಗೆ, ಇನ್ನೊಂದು ಬೀಗರಿಗೆ.

ಬಿಡುಗಡೆಯನ್ನು ಭಾನುವಾರ ಮಂಡಿಯ ಮುಂದಿನ ಕಟ್ಟೆಯ ಮೇಲೆಯೇ ಮಾಡಿದೆವು. ಬಾಡಿಗೆ ಕುರ್ಚಿ, ಮೈಕು, ಖಾರ ಮಂಡಕ್ಕಿ, ಮಿರ್ಚಿ, ಚಹಾ: 6,150 ರೂಪಾಯಿ. ಹಾರ ತುರಾಯಿ ಬೇಡ ಎಂದಿದ್ದೆ. ಅಂದು 120ರಂತೆ 112 ಪ್ರತಿ ಹೋದವು. ಮರು ತಿಂಗಳು ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ. ಎರಡು ಚೀಲ ಹೊತ್ತು ರೈಲು ಹತ್ತಿದೆ. ಪರಿಚಯದವರ ಮಳಿಗೆಯಲ್ಲಿ ಒಂದು ಮೂಲೆ ಸಿಕ್ಕಿತು, 41 ಮಾರಿದೆ. ಮೊದಲ ದಿನ ಸಂಕೋಚದಿಂದ ಪುಸ್ತಕದ ಹಿಂದೆ ನಿಂತಿದ್ದೆ, ಏಳು ಹೋದವು. ಎರಡನೆಯ ದಿನ ಲಗ್ನಪತ್ರಿಕೆಯ ಬರಹದ ಪುಟ ತೆರೆದು ‘ಇದೊಂದನ್ನು ನಿಂತು ಓದಿ, ಎರಡು ನಿಮಿಷ’ ಎಂದು ಕೈಗೆ ಕೊಡಲು ಶುರು ಮಾಡಿದೆ. ನಿಂತು ಓದಿದವರಲ್ಲಿ ಬಹಳ ಮಂದಿ ಹಾಗೆಯೇ ಇಟ್ಟು ಹೋಗಲಿಲ್ಲ.

ಅಂಚೆಯಲ್ಲಿ ಹೋದದ್ದು 138. ಲಕೋಟೆ, ಅಂಚೆ ಸೇರಿ ಪ್ರತಿಗೆ 32 ರೂಪಾಯಿ ನನ್ನ ಕೈಯಿಂದಲೇ. ಅಂಗಡಿಗಳಲ್ಲಿ 53. ಗೌರವ ಪ್ರತಿ, ಗ್ರಂಥಾಲಯ ಎಂದು 51 ಹೋದವು. ಗೌರವ ಪ್ರತಿ ಪಡೆದವರಲ್ಲಿ ಓದಿ ಒಂದು ಮಾತು ಹೇಳಿದವರು ನಾಲ್ವರು. ಉಳಿದವರು ಕಂಡಾಗ ‘ನಿಮ್ಮ ಪುಸ್ತಕ ಮನೆಯಲ್ಲಿದೆ’ ಎನ್ನುತ್ತಾರೆ. ಇರಲಿ, ನನ್ನ ಮನೆಯಲ್ಲಿಯೂ ಇದೆ.

ಖರ್ಚು 44,470. ಅಂಚೆ ಕಳೆದು ಬಂದದ್ದು 41,440. ಕೊರತೆ 3,030. ದಾಸ್ತಾನು 105 ಪ್ರತಿ, ಮಂಚದ ಕೆಳಗೆ, ಇಲಿ ಬಾರದಂತೆ ಮೆಕ್ಕೆಜೋಳದ ಖಾಲಿ ಚೀಲ ಸುತ್ತಿ ಇಟ್ಟಿದ್ದೇನೆ. ಹೆಂಡತಿ ಕಸ ಗುಡಿಸುವಾಗಲೆಲ್ಲ ಅವುಗಳ ಬಗ್ಗೆ ಕೇಳುತ್ತಾಳೆ. ಕೊರತೆಯನ್ನು ಖರ್ಚು ಹಾಕಿ ಖಾತೆ ಮುಚ್ಚಿಬಿಟ್ಟೆ, ಮುಂದಕ್ಕೆ ಎಳೆದಿಲ್ಲ.

ಹನ್ನೊಂದನೆಯ ನೋಟ್‌ಬುಕ್ ನಡೆಯುತ್ತಿದೆ. ಈ ಸಲ ಪೂರ್ತಿ ಅಪ್ಪನ ಗಿರಣಿ. ನಿನ್ನೆ ಶಟರ್ ಸದ್ದಾದಾಗ ಅಪ್ಪ ರಾತ್ರಿ ಪಾಳಿಗೆ ಹೊರಟು, ಮಲಗಿದ್ದ ನಮ್ಮನ್ನು ದಾಟಿಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದರು. ಇವತ್ತು ಏಳೂಕಾಲಿಗೆ ಅವರನ್ನು ಹೊರಗೆ ಕಳುಹಿಸಬೇಕು.